ಬೋರ್ಡಿನ ಮೇಲೆ ನಡೆದ ಹನ್ನೊಂದು ಪಾಠಗಳ ಬಗ್ಗೆ

ಜಿಲ್ಲಾ ಡಿಜಿಟಲ್ ಟಿಪ್ಪಣಿ ಘಟಕದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನವೆಂಬರ್ 27, ಗುರುವಾರದಿಂದ ಕೊಣನೂರು ಹೋಬಳಿಯ ಗುಡ್ಡೇಕೊಪ್ಪಲು ಪ್ರೌಢಶಾಲೆಯ ಹತ್ತನೇ ತರಗತಿಗೆ ವಿಜ್ಞಾನದ ಮೇಷ್ಟ್ರಿಲ್ಲ. ಇಪ್ಪತ್ತೆರಡು ವರ್ಷ ಅದೇ ಶಾಲೆಯಲ್ಲಿ ಪಾಠ ಮಾಡಿದ ದ್ಯಾವಯ್ಯನವರನ್ನು ನಿಮ್ಮ ಘಟಕದ ವರದಿಯ ಮೇರೆಗೆ ಬೋಧನೆಯಿಂದ ಬಿಡಿಸಿ ಅರಕಲಗೂಡಿನ ಕಛೇರಿಯೊಂದಕ್ಕೆ ಹಾಕಲಾಗಿದೆ. ಕಾರಣ, ವರದಿಯ ಮಾತಿನಲ್ಲೇ ಹೇಳುವುದಾದರೆ, 'ನವೆಂಬರ್ 10ರಿಂದ 22ರವರೆಗೆ ಹನ್ನೊಂದು ಅವಧಿಗಳಲ್ಲಿ ಬೋಧನೆ ನಡೆದಿಲ್ಲ'. ಇದನ್ನು ಮೊದಲು ತಿಳಿಸಿದವರು ಹಾಸನದ ದಿನಪತ್ರಿಕೆಯೊಂದರ ಅರಕಲಗೂಡು ವರದಿಗಾರ ರಜನೀಶ್. ನವೆಂಬರ್ 29ರ ಸಂಚಿಕೆ, ಮೂರನೇ ಪುಟ, ಕೆಳಗಿನ ಬಲಮೂಲೆ, ಎಂಟು ಸಾಲು. ತಲೆಬರಹ 'ಪಾಠ ಮಾಡದ ಶಿಕ್ಷಕನಿಗೆ ನೋಟಿಸ್'. ಆ ಎಂಟು ಸಾಲಿನಲ್ಲಿ ವರದಿಗಾರರ ತಪ್ಪು ಒಂದೂ ಇಲ್ಲ. ನಿಮ್ಮ ಕಾಗದದಲ್ಲಿ ಇದ್ದದ್ದನ್ನು ಅವರು ಸರಿಯಾಗಿಯೇ ಬರೆದಿದ್ದಾರೆ. ತಪ್ಪಿರುವುದು ನಿಮ್ಮ ಕಾಗದದಲ್ಲಿ. ಆ ಹನ್ನೊಂದು ಅವಧಿಗಳಲ್ಲೂ ಪಾಠ ನಡೆದಿದೆ. ಮಕ್ಕಳು ಕೂತಿದ್ದರು, ಮೇಷ್ಟ್ರು ನಿಂತಿದ್ದರು, ಬೋರ್ಡ್ ತುಂಬಿತ್ತು. ನಿಮ್ಮ ಯಂತ್ರಕ್ಕೆ ಮಾತ್ರ ಅದು ಕೇಳಿಸಲಿಲ್ಲ, ಏಕೆಂದರೆ ಮೇಷ್ಟ್ರು ಮಾತಾಡಲಿಲ್ಲ. ಅವರು ಯಾಕೆ ಮಾತಾಡಲಿಲ್ಲ ಎಂಬುದನ್ನು ನಿಮ್ಮ ಘಟಕ ಈವರೆಗೆ ಕೇಳಿಲ್ಲವಾದ್ದರಿಂದ, ನಾನೇ ಹೇಳಬೇಕಾಗಿದೆ.

ನಾನು ಯಾರು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಣನೂರು ಬಸ್ ನಿಲ್ದಾಣದ ಎದುರು ನನ್ನ ಅಂಗಡಿ. ಬೆಳಿಗ್ಗೆ ಪತ್ರಿಕೆ ಮಾರುತ್ತೇನೆ, ಉಳಿದ ಹೊತ್ತು ನೋಟ್‌ಬುಕ್, ಪೆನ್ನು, ಜ್ಯಾಮಿಟ್ರಿ ಬಾಕ್ಸು. ಹೌದು, ನೋಟ್‌ಬುಕ್ ಮಾರುವವನೇ ಡಿಜಿಟಲ್ ಟಿಪ್ಪಣಿಯ ಬಗ್ಗೆ ದೂರು ಬರೆಯುತ್ತಿದ್ದಾನೆ. ನಿಮ್ಮ ಕಛೇರಿಯಲ್ಲಿ ಯಾರಾದರೂ ಇದನ್ನು ಪತ್ತೆಹಚ್ಚಿ ಕಡತದಲ್ಲಿ ನಮೂದಿಸುವ ಶ್ರಮ ತೆಗೆದುಕೊಳ್ಳುವುದು ಬೇಡ ಎಂದು ನಾನೇ ಬರೆದಿದ್ದೇನೆ. ಎರಡನೆಯದಾಗಿ, ನನ್ನ ಮಗಳು ಮಾನಸಾ ಆ ಹತ್ತನೇ ತರಗತಿಯ ಮೂವತ್ತನಾಲ್ಕು ಮಕ್ಕಳಲ್ಲಿ ಒಬ್ಬಳು. ಪೂರ್ವಸಿದ್ಧತಾ ಪರೀಕ್ಷೆ ಜನವರಿಯ ಮೊದಲ ವಾರದಲ್ಲಿದೆ. ವಿಜ್ಞಾನದಲ್ಲಿ ಇನ್ನೂ ಮೂರು ಪಾಠ ಬಾಕಿ ಇವೆ. ಕಳೆದ ಮೂರು ವರ್ಷಗಳಲ್ಲಿ ಈ ಶಾಲೆಯಿಂದ ವಿಜ್ಞಾನದಲ್ಲಿ ಅನುತ್ತೀರ್ಣರಾದವರು ಒಟ್ಟು ನಾಲ್ವರು. ಆ ಮೂರೂ ವರ್ಷ ವಿಜ್ಞಾನ ಕಲಿಸಿದವರು ದ್ಯಾವಯ್ಯ. ಇದಿಷ್ಟು ನನ್ನ ಹಿತಾಸಕ್ತಿ.

ಈ ಜೂನ್‌ನಲ್ಲಿ ನಿಮ್ಮ ಘಟಕ ಪ್ರತಿ ತರಗತಿಗೂ ಒಂದು ಟ್ಯಾಬ್ ಕೊಟ್ಟಿತು. ಅದರಲ್ಲಿರುವ ತಂತ್ರಾಂಶದ ಹೆಸರು 'ಟಿಪ್ಪಣಿಮಿತ್ರ'. ಅದರ ಕೆಲಸ ಸರಳ. ಮೇಷ್ಟ್ರು ಪಾಠ ಮಾಡುವಾಗ ಮೇಜಿನ ಮೇಲೆ ಕೂತು ಕೇಳಿಸಿಕೊಳ್ಳುತ್ತದೆ, ಕೇಳಿದ್ದನ್ನು ಅಕ್ಷರಕ್ಕೆ ಇಳಿಸುತ್ತದೆ, ಸಂಜೆ ಆರರೊಳಗೆ ಆ ದಿನದ ಟಿಪ್ಪಣಿಯನ್ನು ಪೋಷಕರ ಫೋನಿಗೆ ಕಳಿಸುತ್ತದೆ. ಮಕ್ಕಳು ಬರೆದುಕೊಳ್ಳುವ ಹೊರೆ ಇಳಿಯಿತು ಎಂದು ನಿಮ್ಮ ಸುತ್ತೋಲೆ ಹೇಳಿತು. ಅದೇ ಸುತ್ತೋಲೆಯ ನಾಲ್ಕನೇ ಅಂಶದ ಪ್ರಕಾರ, ಇನ್ನು ಮುಂದೆ ಕಾಗದದ ಟಿಪ್ಪಣಿಯನ್ನು ಯಾವ ಮೌಲ್ಯಮಾಪನಕ್ಕೂ ಪರಿಗಣಿಸುವುದಿಲ್ಲ. ಈ ಯಂತ್ರವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮಾನಸಾಳ ತರಗತಿಯಲ್ಲಿ ಗೌತಮ್ ಎಂಬ ಹುಡುಗನಿದ್ದಾನೆ. ಅವನಿಗೆ ದೃಷ್ಟಿ ಬಹಳ ಮಂದ, ಮೊದಲನೇ ಬೆಂಚಿನಿಂದಲೂ ಬೋರ್ಡ್ ಕಾಣುವುದಿಲ್ಲ. ಒಂಬತ್ತನೇ ತರಗತಿಯವರೆಗೆ ಅವನು ಪಕ್ಕದವರ ನೋಟ್‌ಬುಕ್ ಅನ್ನು ಮೂಗಿಗೆ ಹಿಡಿದು ಓದುತ್ತಿದ್ದ. ಈಗ ಫೋನಿನಲ್ಲಿ ಅಕ್ಷರವನ್ನು ಅಂಗೈಯಷ್ಟು ದೊಡ್ಡದು ಮಾಡಿಕೊಂಡು ಓದುತ್ತಾನೆ. ಆ ಒಂದು ಮನೆಗೆ ನಿಮ್ಮ ಟಿಪ್ಪಣಿಮಿತ್ರ ಮಿತ್ರನೇ. ಯಂತ್ರಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿ ಮುಂದೆ ಹೋಗುತ್ತೇನೆ.

ನಮ್ಮ ಕಡೆ ಮಾತಿನ ಮೊದಲಲ್ಲಿ ಹಕಾರ ನಿಲ್ಲುವುದಿಲ್ಲ. ಇದು ರಹಸ್ಯವಲ್ಲ. ಅರಕಲಗೂಡು ಬಸ್ ನಿಲ್ದಾಣದಲ್ಲಿ ಕಾಲು ಗಂಟೆ ನಿಂತರೆ ಕಂಡಕ್ಟರುಗಳು 'ಆಸ್ನ ಆಸ್ನ', 'ಒಳೆನರ್ಸೀಪುರ' ಎಂದು ಕೂಗುವುದು ಕೇಳುತ್ತದೆ. ಆ ಕೂಗು ಕೇಳಿ ಬೇರೆ ಜಿಲ್ಲೆಯ ಬಸ್ ಹತ್ತಿದವರನ್ನು ನಾನು ಕಂಡಿಲ್ಲ. ನನ್ನ ಮಾತೂ ಹಾಗೆಯೇ. ದ್ಯಾವಯ್ಯನವರ ಮಾತೂ ಹಾಗೆಯೇ. ಅವರು ಬರೆಯುವಾಗ ಒಂದು ಅಕ್ಷರ ತಪ್ಪುವುದಿಲ್ಲ. ಆಡುವಾಗ ಹೂವು ಊವಾಗುತ್ತದೆ, ಹುಳಿ ಉಳಿಯಾಗುತ್ತದೆ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಅದು ಅರ್ಥವಾಗಿದೆ, ಏಕೆಂದರೆ ಮಕ್ಕಳ ಮನೆಯಲ್ಲೂ ಅದೇ ಮಾತು. ಅರ್ಥವಾಗದೆ ಹೋದದ್ದು ನಿಮ್ಮ ಟ್ಯಾಬಿಗೆ.

ಜುಲೈನ ಒಂದು ಸಂಜೆ ಮಾನಸಾ ಮತ್ತು ಅವಳ ಗೆಳತಿ ಧನಲಕ್ಷ್ಮಿ ನನ್ನ ಅಂಗಡಿಯಲ್ಲಿ ಕೂತು ಅಂದಿನ ಟಿಪ್ಪಣಿಯನ್ನು ನನ್ನ ಫೋನಿನಲ್ಲಿ ಓದುತ್ತಿದ್ದರು. ನಾನು ಪತ್ರಿಕೆಯ ಉಳಿಕೆ ಕಟ್ಟು ಕಟ್ಟುತ್ತಿದ್ದೆ.

"ಲೇ ಧನಾ, ಮನುಷ್ಯನ ದೇಹದಲ್ಲಿ ಆರು ಮೀನು ಸ್ರವಿಸೋ ಗ್ರಂಥಿ ಯಾವ್ದೇಳು," ಎಂದಳು ಮಾನಸಾ.

"ಕೊಣ್ನೂರು ಸಂತೆ ಕಣೆ."

"ಥೂ. ಆರ್ಮೋನು ಕಣೆ ಅದು. ಮೇಷ್ಟ್ರು ಆರ್ಮೋನು ಅಂದವ್ರೆ, ಇದು ಆರು ಮೀನು ಅಂತ ಬರ್ಕೊಂಡದೆ."

"ಇಲ್ನೋಡೆ. ಬೇರು ನೀರನ್ನು ಏರುತ್ತದೆ ಅಂತೆ. ಬೇರೇನ್ ಬಸ್ಸಾ ಏರಕ್ಕೆ?"

ನಾನೂ ನಕ್ಕೆ. ಆಮೇಲೆ ಫೋನ್ ಇಸಿದುಕೊಂಡು ಪೂರ್ತಿ ಓದಿದೆ. ಪತ್ರಹರಿತ್ತು ಎಂಬಲ್ಲಿ 'ಪತ್ರ ಅರಿತು' ಎಂದಿತ್ತು. 'ಹಾಲು ಮೊಸರಾಗುವುದು ರಾಸಾಯನಿಕ ಬದಲಾವಣೆ' ಎಂಬಲ್ಲಿ 'ಆಲೂ ಮೊಸರಾಗುವುದು' ಎಂದಿತ್ತು. ಯಂತ್ರಕ್ಕೆ ಇದು ಆಲೂಗಡ್ಡೆಯ ಜಿಲ್ಲೆ ಎಂಬುದನ್ನಾದರೂ ಯಾರೋ ಹೇಳಿಕೊಟ್ಟಿದ್ದಾರೆ ಎಂದುಕೊಂಡೆ. 'ನಿಂಬೆಹಣ್ಣು ಹುಳಿ' ಎಂಬುದು 'ನಿಂಬೆ ಅಣ್ಣ ಉಳಿ' ಎಂದಾಗಿ, ಯಾರೋ ಊರು ಬಿಟ್ಟು ಹೋಗುವ ಅಣ್ಣನನ್ನು ಬೇಡಿಕೊಂಡಂತೆ ಇತ್ತು. ಮಕ್ಕಳು ಒಂದು ದಾರಿ ಕಂಡುಕೊಂಡರು. ಪ್ರತಿಯೊಬ್ಬರೂ ಒಂದು ನೋಟ್‌ಬುಕ್ ಇಟ್ಟುಕೊಂಡರು, ಪುಟದ ಮಧ್ಯೆ ಗೆರೆ ಎಳೆದರು. ಎಡಕ್ಕೆ 'ಮಿತ್ರ ಹೇಳಿದ್ದು', ಬಲಕ್ಕೆ 'ಮೇಷ್ಟ್ರು ಹೇಳಿದ್ದು'. ಹೀಗೆ ಒಂದು ಬಾರಿ ಬರೆದುಕೊಳ್ಳುವ ಹೊರೆ ಇಳಿಸಿದ ಯಂತ್ರದಿಂದಾಗಿ ಎರಡು ಬಾರಿ ಬರೆದುಕೊಳ್ಳುವುದು ಶುರುವಾಯಿತು. ನನ್ನ ವ್ಯಾಪಾರಕ್ಕೆ ನಷ್ಟವಾಗಲಿಲ್ಲ ಎಂಬುದನ್ನು ಮತ್ತೊಮ್ಮೆ ಒಪ್ಪಿಕೊಳ್ಳುತ್ತೇನೆ.

ಇಷ್ಟೇ ಆಗಿದ್ದರೆ ನಗುತ್ತಾ ವರ್ಷ ಕಳೆದುಬಿಡುತ್ತಿತ್ತು. ಆದರೆ ಟಿಪ್ಪಣಿಮಿತ್ರ ಬರೆಯುವುದಷ್ಟೇ ಅಲ್ಲ, ಅಂಕವನ್ನೂ ಕೊಡುತ್ತದೆ. ತಾನು ಬರೆದುಕೊಂಡದ್ದನ್ನು ಪಠ್ಯಪುಸ್ತಕದ ಪದಗಳೊಂದಿಗೆ ಹೋಲಿಸಿ, ಎಷ್ಟು ಕೂಡಿಬಂತು ಎಂಬುದನ್ನು ನೂರಕ್ಕೆ ಲೆಕ್ಕಹಾಕಿ, ಶಿಕ್ಷಕರ ಹೆಸರಿನ ಮುಂದೆ ಹಾಕುತ್ತದೆ. ನೀವು ಅದಕ್ಕೆ ಇಟ್ಟಿರುವ ಹೆಸರು 'ಶುದ್ಧತಾ ಅಂಕ'. ದ್ಯಾವಯ್ಯನವರಿಗೆ ಜುಲೈನಲ್ಲಿ 44, ಆಗಸ್ಟ್‌ನಲ್ಲಿ 41, ಸೆಪ್ಟೆಂಬರ್‌ನಲ್ಲಿ 43. ತಾಲ್ಲೂಕಿಗೇ ಕೊನೆ. ಪಟ್ಟಿಯನ್ನು ಎಲ್ಲ ಶಾಲೆಗಳ ಗುಂಪಿಗೆ ಕಳಿಸಲಾಯಿತು. ಮಾನ್ಯರೇ, ಒಂದು ಪ್ರಶ್ನೆ. ತಕ್ಕಡಿ ತಪ್ಪು ತೂಗಿದರೆ ನಾವು ತಕ್ಕಡಿಯನ್ನು ಸರಿಮಾಡಿಸುತ್ತೇವೋ, ಆಲೂಗಡ್ಡೆಗೆ ತರಬೇತಿ ಕೊಡುತ್ತೇವೋ? ಇನ್ನೊಂದು ಪ್ರಶ್ನೆ. ಈ ಅಂಕಕ್ಕೆ 'ಹೊಂದಾಣಿಕೆ' ಎನ್ನಬಹುದಿತ್ತು, 'ನಿಖರತೆ' ಎನ್ನಬಹುದಿತ್ತು. 'ಶುದ್ಧತೆ' ಎಂಬ ಪದವನ್ನೇ ಆರಿಸಿದವರು ಯಾರು? ದ್ಯಾವಯ್ಯನವರ ತಂದೆ ಚೆನ್ನಯ್ಯನವರು ನಮ್ಮೂರ ಹೋಟೆಲಿನ ಹೊರಗೆ ನಿಂತು ಕಾಫಿ ಕುಡಿದವರು. ಆ ಹೋಟೆಲಿನ ಒಳಗೆ ಕೂತು ಕುಡಿದವರಲ್ಲಿ ನನ್ನ ತಂದೆಯೂ ಒಬ್ಬರು. ಆ ಮನೆಯವರಿಗೆ ಈ ಪದದ ಹಳೆಯ ಬಳಕೆ ನೆನಪಿರುತ್ತದೆ ಎಂಬುದು ನಿಮ್ಮ ಸಮಿತಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಬೇಕೆಂದು ಮಾಡಿದ್ದೀರಿ ಎಂದು ನಾನು ಹೇಳುವುದಿಲ್ಲ. ಯೋಚಿಸದೆ ಮಾಡಿದ್ದೀರಿ ಎಂದಷ್ಟೇ ಹೇಳುತ್ತೇನೆ.

ಮೂರು ತಿಂಗಳು ಅರವತ್ತಕ್ಕಿಂತ ಕಡಿಮೆ ಬಂದವರಿಗೆ ಚನ್ನರಾಯಪಟ್ಟಣದಲ್ಲಿ ಎರಡು ದಿನದ ಉಚ್ಚಾರಣಾ ತರಬೇತಿ. ಐವತ್ತಾರು ವರ್ಷದ ದ್ಯಾವಯ್ಯ ಹೋಗಿ ಬಂದರು. ಅಲ್ಲಿ ಅವರಿಗೆ ಅಭ್ಯಾಸಕ್ಕೆಂದು ಕೊಟ್ಟ ವಾಕ್ಯ 'ಹಾಲು ಹಳ್ಳಿಯಿಂದ ಹಾಸನಕ್ಕೆ ಹೋಯಿತು'. ಅದಾದ ಮೇಲೆ, ಅಕ್ಟೋಬರ್ ಕೊನೆಯ ವಾರ, ನಿಮ್ಮ ಘಟಕದ ತರಬೇತುದಾರ ಅಭಿಷೇಕ್ ಶಾಲೆಗೇ ಬಂದರು. ಒಳ್ಳೆಯ ಹುಡುಗ, ಸೌಮ್ಯ ಸ್ವಭಾವ. ಅವರ ಮೇಲೆ ನನ್ನ ದೂರಿಲ್ಲ. ಪೋಷಕರ ಸಭೆಗೆಂದು ಹೋಗಿದ್ದ ನಾನು ಅಲ್ಲೇ ಇದ್ದೆ.

"ಸರ್, ಬೇರೆ ಏನೂ ಬೇಡ, ಹ ಹಾಕಿ ಮಾತಾಡಿ ಸಾಕು," ಎಂದರು ಅಭಿಷೇಕ್.

"ಆಕ್ತೀನಿ ಸಾ."

"ಆಕ್ತೀನಿ ಅಲ್ಲ ಸರ್. ಹಾಕ್ತೀನಿ."

"ಅದೇ ಕಣ್ ಸಾ ನಾನ್ ಏಳಿದ್ದು. ಆಕ್ತೀನಿ ಅಂತ."

"ಸರ್, ಹೇಳಿದ್ದು."

"ಊಂ ಸಾ. ನೀವ್ ಏಳಿದ್ದೂ ಅದೇ, ನಾನ್ ಏಳಿದ್ದೂ ಅದೇ. ಮಧ್ಯದಲ್ಲಿ ಕೂತಿರೋ ಇದುಕ್ಕೆ ಕೇಳ್ಸಲ್ಲ ಅಷ್ಟೇಯ." ಮೇಷ್ಟ್ರು ಟ್ಯಾಬ್ ತೋರಿಸಿದರು.

ಸಭೆಗೆ ಬಂದಿದ್ದ ತಾಯಂದಿರು ನಕ್ಕರು. ಅಭಿಷೇಕ್ ಕೂಡ ನಕ್ಕು, "ನಾನೂ ಶಾಂತಿಗ್ರಾಮದವನೇ ಸರ್. ಮನೇಲಿ ನಮ್ಮಮ್ಮನೂ ಇಂಗೇ ಮಾತಾಡದು. ಆದ್ರೆ ರಿಪೋರ್ಟ್‌ನಲ್ಲಿ ಅದಕ್ಕೆ ಕಾಲಂ ಇಲ್ಲ," ಎಂದರು. ಇಡೀ ಯೋಜನೆಯಲ್ಲಿ ನಾನು ಕೇಳಿದ ಪ್ರಾಮಾಣಿಕ ಮಾತು ಅದೊಂದೇ. ಅದಕ್ಕೂ ಕಾಲಂ ಇರಲಿಲ್ಲ.

ಅಂಕ ಏರಿಸಿಕೊಳ್ಳಲು ಬೇರೆ ದಾರಿಗಳಿವೆ ಎಂಬುದು ನಿಮಗೆ ತಿಳಿಯದ್ದಲ್ಲ. ಹೊಳೆನರಸೀಪುರದ ಕಡೆಯ ಒಂದು ಶಾಲೆಯಲ್ಲಿ ಪಠ್ಯಪುಸ್ತಕದ ಧ್ವನಿಮುದ್ರಿಕೆಯನ್ನು ಒಂದು ಫೋನಿನಲ್ಲಿ ಹಾಕಿ, ಅದನ್ನು ಟ್ಯಾಬಿನ ಪಕ್ಕ ಇಟ್ಟು, ತರಗತಿಯನ್ನು ಸುಮ್ಮನೆ ಕೂರಿಸುತ್ತಾರೆ. ಅಲ್ಲಿನ ಶುದ್ಧತಾ ಅಂಕ 96. ನಾನು ಕಣ್ಣಾರೆ ಕಂಡಿಲ್ಲ. ಹೇಳಿದವರು ಇಬ್ಬರು, ಬೇರೆ ಬೇರೆ ದಿನ, ಒಬ್ಬರಿಗೊಬ್ಬರು ಪರಿಚಯವಿಲ್ಲದವರು. ಆ ಶಾಲೆಯ ಹೆಸರನ್ನು ಬರೆಯುವುದಿಲ್ಲ. ಬರೆದರೆ ನೀವು ಆ ಶಿಕ್ಷಕರಿಗೂ ಒಂದು ನೋಟಿಸ್ ಕೊಡುತ್ತೀರಿ, ಯಂತ್ರ ಮಾತ್ರ ಹಾಗೇ ಇರುತ್ತದೆ. ದ್ಯಾವಯ್ಯನವರಿಗೂ ಸಹೋದ್ಯೋಗಿಯೊಬ್ಬರು ಈ ಉಪಾಯ ಹೇಳಿಕೊಟ್ಟರಂತೆ. "ಅಂಗ್ ಮಾಡುದ್ರೆ ಮಕ್ಳು ಏನ್ ಕಲೀತವೆ?" ಎಂದರಂತೆ ಇವರು. ಇವರ ಮೇಲಿನ ಆರೋಪಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಬಹುದು.

ಅವರು ಮಾಡಿದ್ದು ಬೇರೆ. ಹಕಾರ ಕಲಿಯಲು ಹೊರಟರು. ಐವತ್ತಾರು ವರ್ಷ ಬಾಯಿಗೆ ಬಾರದ ಅಕ್ಷರವನ್ನು ಬೆಳಿಗ್ಗೆ ಹತ್ತು ಗಂಟೆಯ ಪಾಠದಲ್ಲಿ ತರಲು ಹೊರಟವರಿಗೆ, ಅದು ಎಲ್ಲಿ ಬೇಕು ಎಲ್ಲಿ ಬೇಡ ಎಂಬ ಹತೋಟಿ ತಪ್ಪಿತು. ಭಯದಲ್ಲಿ ಎಲ್ಲ ಕಡೆಯೂ ಹಾಕಿದರು. ಆಮ್ಲ ಹಾಮ್ಲವಾಯಿತು. ಎಲೆ ಹೆಲೆಯಾಯಿತು. ಅಂಗಾಂಶ ಹಂಗಾಂಶವಾಯಿತು. ಯಂತ್ರ ಅದನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡಿತು. ನವೆಂಬರ್ ಮೊದಲ ವಾರದ ಟಿಪ್ಪಣಿಯಲ್ಲಿ, ಗಿಡಗಳು ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ ಎಂಬುದು 'ಹಿಂಗಾಲಿನ ಡೈಆಕ್ಸೈಡ್' ಎಂದಾಗಿತ್ತು. ಉಸಿರಾಟ ಎಂಬುದು 'ಹುಸಿ ಆಟ' ಎಂದಾಗಿತ್ತು. ಆ ವಾರದ ಶುದ್ಧತಾ ಅಂಕ 29. ಏಳನೇ ತಾರೀಕು ಶುಕ್ರವಾರ, ಮೇಷ್ಟ್ರು 'ಹಾಮ್ಲಜನಕ' ಎಂದಾಗ ಇಡೀ ತರಗತಿ ನಕ್ಕಿತು. ಇಪ್ಪತ್ತೆರಡು ವರ್ಷದಲ್ಲಿ ಅವರ ಮಾತಿಗೆ ಮಕ್ಕಳು ನಕ್ಕದ್ದು ಅದೇ ಮೊದಲು ಎಂದು ಕಾಣುತ್ತದೆ. ಮಾನಸಾಳೂ ನಕ್ಕಳಂತೆ. ಮನೆಗೆ ಬಂದು ಹೇಳುವಾಗ ನಗಲಿಲ್ಲ.

"ಮೇಷ್ಟ್ರೂ ನಕ್ರು ಕಣಪ್ಪ. ಆಮೇಕೆ ಕನ್ನಡ್ಕ ತಗ್ದು ಒರಸ್ಕೊಂಡು ನಿಂತ್ಕಂಡ್ರು. ಬೆಲ್ ಒಡ್ಯೋಗಂಟ ಒರುಸ್ತಾನೇ ಇದ್ರು."

ಹತ್ತನೇ ತಾರೀಕು, ಸೋಮವಾರ, ಅವರು ತರಗತಿಗೆ ಬಂದು ಒಂದು ಮಾತೂ ಆಡದೆ ಬೋರ್ಡಿನ ಕಡೆ ತಿರುಗಿದರು. ಸಂಜೆ ಮಗಳನ್ನು ಕೇಳಿದೆ, ಮೇಷ್ಟ್ರಿಗೆ ಜ್ವರವೇ ಎಂದು.

"ಇಲ್ಲಪ್ಪ. ಬೋರ್ಡ್ ತುಂಬ ಬರುದ್ರು, ಅಳಿಸುದ್ರು, ಮತ್ತೆ ಬರುದ್ರು. ಚಿತ್ರ ಬರುದು ಬಾಣ ಆಕುದ್ರು. ಧನಾ ಮೆಲ್ಲಗೆ ಡೌಟ್ ಕೇಳುದ್ಲು. ಅದುಕ್ಕೂ ಬರುದೇ ಆನ್ಸರ್ ಮಾಡುದ್ರು. ಟ್ಯಾಬ್ ಕಡೆ ಕೈ ತೋರ್ಸಿ ಬಾಯ್ ಮೇಲೆ ಬೆರಳಿಟ್ಕಂಡ್ರು."

ಹೀಗೆ ಹನ್ನೊಂದು ಅವಧಿ. ಆನುವಂಶೀಯತೆಯ ಪಾಠದ ಮುಕ್ಕಾಲು ಭಾಗವನ್ನು ಅವರು ಸೀಮೆಸುಣ್ಣದಲ್ಲಿ ಮುಗಿಸಿದರು. ಮಕ್ಕಳು ಎಲ್ಲವನ್ನೂ ಬರೆದುಕೊಂಡರು, ಗೌತಮ್ ಒಬ್ಬನನ್ನು ಬಿಟ್ಟು. ಅವನಿಗೆ ಬೋರ್ಡ್ ಕಾಣುವುದಿಲ್ಲ, ಈಗ ಮೇಷ್ಟ್ರ ದನಿಯೂ ಇಲ್ಲ. ಯಾವ ಹುಡುಗನಿಗೆ ನಿಮ್ಮ ಯಂತ್ರದಿಂದ ನಿಜವಾಗಿ ಉಪಯೋಗವಾಗಿತ್ತೋ ಅದೇ ಹುಡುಗ ಎರಡು ವಾರ ಏನೂ ಇಲ್ಲದೆ ಕೂತ. ಇದು ದ್ಯಾವಯ್ಯನವರ ತಪ್ಪು, ನಾನು ಮುಚ್ಚಿಡುವುದಿಲ್ಲ, ಅವರೂ ಮುಚ್ಚಿಡುವುದಿಲ್ಲ. ಅತ್ತ ಟ್ಯಾಬ್ ಪ್ರತಿ ಅವಧಿಯ ಕೊನೆಗೆ 'ಧ್ವನಿ ಲಭ್ಯವಿಲ್ಲ, ಬೋಧನೆ ನಡೆದಿಲ್ಲ' ಎಂದು ಬರೆದು ನಿಮಗೆ ಕಳಿಸಿತು. ಒಂದು ದಿನ ಮಾತ್ರ ಟಿಪ್ಪಣಿ ಇದೆ. ಬಿಸಿಯೂಟದ ಹೊನ್ನಕ್ಕ ಕಿಟಕಿಯಲ್ಲಿ ಮುಖ ಹಾಕಿ ಎಷ್ಟು ಜನಕ್ಕೆ ಊಟ ಎಂದು ಕೇಳಿದ್ದಳು, ಟ್ಯಾಬಿನ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಲೆಕ್ಕ ಕೂಗಿ ಹೇಳಿದ್ದಳು. ನವೆಂಬರ್ 14ರ ವಿಜ್ಞಾನದ ಟಿಪ್ಪಣಿ ಎಂದು ಮೂವತ್ತನಾಲ್ಕು ಪೋಷಕರ ಫೋನಿಗೆ ಬಂದ ಏಕೈಕ ವಾಕ್ಯ 'ಮೂವತ್ತೆರಡು ತಟ್ಟೆ'. ಅಂದಿನ ಶುದ್ಧತಾ ಅಂಕ ಸೊನ್ನೆ.

ಮುಖ್ಯ ಶಿಕ್ಷಕಿ ಪ್ರತಿಭಾ ಅವರು, ತಾವು ಐದು ಬಾರಿ ತರಗತಿಯ ಬಾಗಿಲಲ್ಲಿ ನಿಂತು ನೋಡಿದ್ದು, ಪಾಠ ನಡೆದಿದೆ ಎಂದು ದೃಢೀಕರಿಸಿ ನಿಮಗೆ ಬರೆದರು. ವ್ಯಕ್ತಿಯ ಹೇಳಿಕೆಗಿಂತ ವ್ಯವಸ್ಥೆಯ ದಾಖಲೆಗೆ ಆದ್ಯತೆ ಎಂಬ ಉತ್ತರ ಬಂತು. ಆಗ ನಾವು ಪೋಷಕರು ಮಕ್ಕಳ ನೋಟ್‌ಬುಕ್‌ಗಳನ್ನು ಒಟ್ಟು ಮಾಡಿದೆವು. ಮೂವತ್ತಮೂರು. ಪ್ರತಿಯೊಂದರಲ್ಲೂ ಹನ್ನೊಂದು ದಿನದ ತಾರೀಕು, ಅದೇ ಚಿತ್ರ, ಅದೇ ಬಾಣ. ಮೂವತ್ತಮೂರು ಮಕ್ಕಳು ಕೂಡಿಕೊಂಡು ನಡೆಯದ ಪಾಠವೊಂದನ್ನು ಒಂದೇ ರೀತಿ ಕಲ್ಪಿಸಿಕೊಳ್ಳುವುದು ಸಾಧ್ಯವಾದರೆ, ಅವರಿಗೆ ವಿಜ್ಞಾನದ ಮೇಷ್ಟ್ರೇ ಬೇಡ. ಡಿಸೆಂಬರ್ 2, ಮಂಗಳವಾರ, ಚೀಲ ಹೊತ್ತುಕೊಂಡು ಹಾಸನಕ್ಕೆ ಬಂದು ನಿಮ್ಮ ಕಛೇರಿಯ ಮುಂದೆ ಎರಡೂವರೆ ಗಂಟೆ ಕಾದೆ. ಕೊನೆಗೆ ಸಿಬ್ಬಂದಿಯೊಬ್ಬರು ಚೀಲ ಬಿಚ್ಚಿಸಿ ನೋಡಿದರು.

"ಇದು ಪೇಪರ್ ಅಲ್ವಾ ಸಾರ್?"

"ಪೇಪರೇ. ನೋಟ್ಸು."

"ಪೇಪರ್ ತಗೊಳ್ಳೋ ಆಪ್ಷನ್ನೇ ಇಲ್ಲ ಸಾರ್ ಇಲ್ಲಿ. ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿ."

"ಅಪ್‌ಲೋಡ್ ಎಲ್ ಮಾಡದು?"

"ಟೀಚರ್ ಲಾಗಿನ್‌ನಲ್ಲಿ."

"ಟೀಚರ್ ಲಾಗಿನ್ ನೀವೇ ಬಂದ್ ಮಾಡಿದ್ದೀರಲ್ಲ."

ಅವರು ಕಂಪ್ಯೂಟರಿನಲ್ಲಿ ನೋಡಿ, "ಔದಾ?" ಎಂದರು. ಸ್ವೀಕರಿಸುವುದಿಲ್ಲ ಎಂಬುದನ್ನಾದರೂ ಬರೆದುಕೊಡಿ ಎಂದು ಕೇಳಿದೆ. ಬರೆದುಕೊಟ್ಟರು. ಬಿಳಿ ಹಾಳೆಯಲ್ಲಿ, ನೀಲಿ ಪೆನ್ನಿನಲ್ಲಿ, ಕೆಳಗೆ ದುಂಡು ಮೊಹರು. ಕಾಗದವನ್ನು ಪರಿಗಣಿಸುವುದಿಲ್ಲ ಎಂಬ ನಿಮ್ಮ ಕಾಗದ ಈಗ ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ. ಅದಕ್ಕೆ ಮಾನ್ಯತೆ ಇದೆಯೋ ಇಲ್ಲವೋ ಎಂಬುದನ್ನು ದಯವಿಟ್ಟು ತಿಳಿಸಿ.

ಇತ್ತ ತರಗತಿಯ ಸ್ಥಿತಿಯನ್ನೂ ತಿಳಿದುಕೊಳ್ಳಿ. ಬದಲಿ ಶಿಕ್ಷಕರನ್ನು ಕೊಟ್ಟಿಲ್ಲ. ವಿಜ್ಞಾನದ ಅವಧಿಯಲ್ಲಿ ಟ್ಯಾಬ್ ಜುಲೈನಿಂದ ತಾನು ಕೂಡಿಟ್ಟ ಟಿಪ್ಪಣಿಗಳನ್ನು ಗಟ್ಟಿಯಾಗಿ ಓದುತ್ತದೆ, ಮಕ್ಕಳು ಪುನರಾವರ್ತನೆ ಎಂದು ಕೇಳುತ್ತಾರೆ. ಆರು ಮೀನನ್ನು ಅದು ಬಹಳ ಶುದ್ಧವಾಗಿ ಓದುತ್ತದೆ ಎಂದು ಮಾನಸಾ ಹೇಳಿದಳು. ಧನಲಕ್ಷ್ಮಿ ವೈದ್ಯಕೀಯ ಪ್ರಯೋಗಾಲಯದ ಕೋರ್ಸಿಗೆ ಸೇರಬೇಕೆಂದು ಎರಡು ವರ್ಷದಿಂದ ಹೇಳುತ್ತಿರುವ ಹುಡುಗಿ; ಅವಳೀಗ ಉಳಿದ ಪಾಠವನ್ನು ತಾನೇ ಓದಿಕೊಂಡು, ಅರ್ಥವಾಗದ ಸಾಲಿನ ಕೆಳಗೆ ಗೆರೆ ಎಳೆದಿಡುತ್ತಿದ್ದಾಳೆ. ಗೆರೆ ಎಳೆದದ್ದನ್ನು ಯಾರಿಗೆ ತೋರಿಸಬೇಕು ಎಂದು ನನ್ನನ್ನು ಕೇಳಿದಳು. ಪಿಯುಸಿಯಲ್ಲಿ ವಾಣಿಜ್ಯ ಓದಿದವನು ನಾನು.

ಮೊನ್ನೆ ಶನಿವಾರ ಅರಕಲಗೂಡಿನಲ್ಲಿ ದ್ಯಾವಯ್ಯನವರನ್ನು ಕಂಡೆ. ಕಛೇರಿಯ ಹಿಂದಿನ ಕೋಣೆಯಲ್ಲಿ ಕೂತಿದ್ದರು. ಮುಂದೆ ಹಾಳೆಗಳ ರಾಶಿ, ಕೈಯಲ್ಲಿ ತೂತು ಹಾಕುವ ಯಂತ್ರ.

"ಏನ್ ಮೇಷ್ಟ್ರೇ ಇದು?"

"ತಾಲ್ಲೂಕಿನ ಸ್ಕೂಲುಗಳ ಡಿಜಿಟಲ್ ನೋಟ್ಸು ಕಣಪ್ಪ. ಪ್ರಿಂಟ್ ತಗ್ದು, ತೂತ್ ಮಾಡಿ, ದಾರ ಕಟ್ಟಿ ಫೈಲ್ ಮಾಡ್ಬೇಕಂತೆ. ಆಡಿಟ್‌ಗೆ ಬೇಕಂತೆ."

"ಮಾತಾಡ್ದೆ ಬೋರ್ಡ್ ಮೇಲ್ ಬರುದ್ರಲ್ಲ, ಅದುನ್ನ ಯಾರ್ಗಾರ ಏಳ್ಬಾರ್ದಿತ್ತಾ?"

"ಏನಂತ ಏಳ್ಲಿ ಪರಮೇಶಾ? ಬಾಯ್ ಬುಟ್ರೆ ತಪ್ಪು ಬರ್ಕತದೆ, ಆ ತಪ್ಪುನ್ನ ಮಕ್ಳು ಪರೀಕ್ಷೇಲಿ ಬರೀತವೆ ಅಂತ ಇತ್ತು. ಬೋರ್ಡ್ ಮೇಲೆ ಬರುದ್ರೆ ತಪ್ಪಾಗಕಿಲ್ಲ ಅನ್ಕಂಡೆ. ಗೌತಮನ್ ವಿಚಾರ ನಂಗೊಳೀಲೇ ಇಲ್ಲ ನೋಡು. ಅದೊಂದು ಕೊರೀತದೆ."

ಅವರ ಮುಂದೆ ವಿಚಾರಣೆಯ ನೋಟಿಸ್ ಇತ್ತು. ಅದರ ಆರನೇ ಅಂಶವನ್ನು ನನಗೆ ತೋರಿಸಿದರು. 'ವಿಚಾರಣೆಯ ಸಂದರ್ಭದಲ್ಲಿ ನೌಕರರು ನೀಡುವ ಮೌಖಿಕ ಹೇಳಿಕೆಯನ್ನು ಟಿಪ್ಪಣಿಮಿತ್ರ ತಂತ್ರಾಂಶದ ಮೂಲಕ ದಾಖಲಿಸಲಾಗುವುದು. ಸದರಿ ದಾಖಲೆಯೇ ಅಂತಿಮ.' ನಾನು ಎರಡು ಬಾರಿ ಓದಿದೆ. ಅವರು ಇನ್ನೊಂದು ಕಟ್ಟಿಗೆ ತೂತು ಹಾಕಿದರು.

ಅಂದು ಅಂಗಡಿಗೆ ಬಂದ ಮೇಲೆ, ಪೋಷಕರಿಗೆಂದು ನೀವೇ ಕೊಟ್ಟಿರುವ ಟಿಪ್ಪಣಿಮಿತ್ರವನ್ನು ನನ್ನ ಫೋನಿನಲ್ಲಿ ತೆರೆದೆ. ಮೇಷ್ಟ್ರು ವಿಚಾರಣೆಯಲ್ಲಿ ಹೇಳಲೇಬೇಕಾದ ಒಂದು ವಾಕ್ಯವಿದೆ, ಅವರ ಇಡೀ ಸಮರ್ಥನೆ ಅದೊಂದೇ. ಅದನ್ನು ನನ್ನ ಬಾಯಲ್ಲಿ, ನಮ್ಮ ಮಾತಿನಲ್ಲಿ ಹೇಳಿದೆ: "ನಾನು ಒಂದಿನಾನೂ ಕ್ಲಾಸಿಂದ ಒರಗೆ ಓಗಿಲ್ಲ." ಯಂತ್ರ ಸ್ವಲ್ಪ ಯೋಚಿಸಿ ಬರೆಯಿತು: 'ನಾನು ಒಂದು ದಿನವೂ ಕ್ಲಾಸಿನ ಒಳಗೆ ಹೋಗಿಲ್ಲ.' ಮೂರು ಬಾರಿ ಹೇಳಿದೆ. ಮೂರು ಬಾರಿಯೂ ಅದನ್ನೇ ಬರೆಯಿತು. ಪರದೆಯ ಚಿತ್ರ ತೆಗೆದು, ನನ್ನ ಅಭ್ಯಾಸದಂತೆ ಮುದ್ರಿಸಿ, ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಹೊರಗೆ ಎಂಬುದನ್ನು ಒಳಗೆ ಎಂದು ಬರೆದುಕೊಳ್ಳುವ ಯಂತ್ರದ ಮುಂದೆ ಒಬ್ಬ ಮನುಷ್ಯ ತನ್ನ ನೌಕರಿಯ ಬಗ್ಗೆ ಏನು ಹೇಳಬೇಕು? ಹೇಳಿದರೆ ತಪ್ಪೊಪ್ಪಿಗೆಯಾಗುತ್ತದೆ. ಸುಮ್ಮನಿದ್ದರೆ 'ಧ್ವನಿ ಲಭ್ಯವಿಲ್ಲ' ಎಂದಾಗುತ್ತದೆ. ಇವೆರಡರ ಮಧ್ಯೆ ಮೂರನೆಯ ದಾರಿಯೊಂದನ್ನು ನಿಮ್ಮ ಸುತ್ತೋಲೆ ಎಲ್ಲಿಯಾದರೂ ಇಟ್ಟಿದೆಯೇ? ನಾನು ಹುಡುಕಿದೆ, ಸಿಗಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ದ್ಯಾವಯ್ಯನವರ ಹೇಳಿಕೆಯನ್ನು ಕನ್ನಡ ಬಲ್ಲ, ಈ ಸೀಮೆಯ ಮಾತು ಕೇಳಿ ಗೊತ್ತಿರುವ ಒಬ್ಬ ಮನುಷ್ಯ ಕೈಯಲ್ಲಿ ಬರೆದುಕೊಳ್ಳಬೇಕು, ಓದಿ ಹೇಳಿ ಅವರ ಸಹಿ ಪಡೆಯಬೇಕು. ಮೂವತ್ತಮೂರು ನೋಟ್‌ಬುಕ್‌ಗಳನ್ನು ಸಾಕ್ಷ್ಯವೆಂದು ಸ್ವೀಕರಿಸಬೇಕು. ಶುದ್ಧತಾ ಅಂಕ ಎಂಬುದನ್ನು ಹೆಸರಿನ ಸಮೇತ ಕೈಬಿಡಬೇಕು. ಟ್ಯಾಬ್ ಇರಲಿ, ಗೌತಮನಂಥವರಿಗೆ ಅದು ಬೇಕು. ಆದರೆ ಅದು ಬರೆದುಕೊಂಡದ್ದನ್ನು ಮೇಷ್ಟ್ರು ಓದಿ ತಿದ್ದಿದ ಮೇಲೆಯೇ ಮಕ್ಕಳಿಗೆ ಹೋಗಲಿ. ಎಲ್ಲಕ್ಕಿಂತ ಮೊದಲು, ವಿಚಾರಣೆಯ ತೀರ್ಮಾನ ಏನೇ ಆಗಲಿ, ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚೆ ಅವರನ್ನು ತರಗತಿಗೆ ಕಳಿಸಿ. ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಾಂಶ ಬೇಕಿಲ್ಲ.

ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕೊಟ್ಟಿದ್ದೇನೆ. ವಿಚಾರಣೆ ಡಿಸೆಂಬರ್ 18, ಗುರುವಾರ, ಬೆಳಿಗ್ಗೆ 11.30ಕ್ಕೆ, ಹಾಸನದಲ್ಲಿ, ನಿಮ್ಮ ಕಛೇರಿಯ ಎರಡನೇ ಮಹಡಿಯಲ್ಲಿ ನಿಗದಿಯಾಗಿದೆ. ಆರನೇ ಅಂಶ ಈ ಹೊತ್ತಿನವರೆಗೆ ಬದಲಾಗಿಲ್ಲ.

ಇಂತಿ,
ಉತ್ತರದ ನಿರೀಕ್ಷೆಯನ್ನು ಈಗಾಗಲೇ ಕಡಿಮೆ ಮಾಡಿಕೊಂಡಿರುವ
ಪರಮೇಶ್
ಪತ್ರಿಕೆ ಮತ್ತು ನೋಟ್‌ಬುಕ್ ಅಂಗಡಿ, ಕೊಣನೂರು
ಡಿಸೆಂಬರ್ 9